ಏರು ಹತ್ತಲು ಗೇರು: ನಾಚಿಕೆ ಯಾಕೆ?

ನಮ್ಮ ಊರುಗಳಲ್ಲಿ ಏರು ಬಂದರೆ ಸೈಕಲ್ ಇಳಿದು ತಳ್ಳುವುದೇ ರೂಢಿ. ಗೇರ್ ಸೈಕಲ್ ಅಂದರೆ ಪೇಟೆ ಹುಡುಗರ ಶೋಕಿ ಅನ್ನುವವರೂ ಇದ್ದಾರೆ. ಇಂಥದ್ದೇ ಮಾತು ನೂರು ವರ್ಷದ ಹಿಂದೆ ಫ್ರಾನ್ಸಿನಲ್ಲೂ ಇತ್ತು.

ಅಲ್ಲಿನ ಸಾಂತ್ ಎತಿಯೆನ್ ಗುಡ್ಡಗಳ ನಡುವಿನ ಊರು. ರೇಷ್ಮೆ ವ್ಯಾಪಾರ ಬಿಟ್ಟು ಸೈಕಲ್ ಹಿಂದೆ ಬಿದ್ದ ಪಾಲ್ ದ ವಿವಿ ಪೆಡಲ್ ಬಳಿ ಎರಡು ಹಲ್ಲುಚಕ್ರ ಜೋಡಿಸಿದರು. ಏರು ಬಂದಾಗ ಚೈನನ್ನು ಕೈಯಿಂದಲೇ ಎತ್ತಿ ಚಿಕ್ಕ ಚಕ್ರಕ್ಕೆ ಹಾಕಬೇಕಿತ್ತು. 1902ರ ಒಂದು ಸ್ಪರ್ಧೆಯಲ್ಲಿ ಮೂರು ಗೇರಿನ ಸೈಕಲ್ ಏರಿದ ಮಾರ್ತ್ ಹೆಸ್ ಎಂಬ ಮಹಿಳೆ, ಒಂದೇ ಗೇರಿನ ಹೆಸರಾಂತ ಸವಾರನನ್ನು ಹಿಂದಿಕ್ಕಿದರು.

ಆದರೂ ಟೂರ್ ದ ಫ್ರಾನ್ಸ್ ಓಟ ನಡೆಸುತ್ತಿದ್ದ ಆನ್ರಿ ದೆಗ್ರಾಂಜ್ ಒಪ್ಪಲಿಲ್ಲ. ಗೇರು ವಯಸ್ಸಾದವರಿಗೆ, ಗೆಲ್ಲಬೇಕಾದ್ದು ತೊಡೆಯ ಬಲದಿಂದ ಎಂಬುದು ಅವರ ವಾದ. 1910ರಲ್ಲಿ ಓಟವನ್ನು 2,115 ಮೀಟರ್ ಎತ್ತರದ ತುರ್ಮಲೆ ಘಾಟಿಗೆ ಹತ್ತಿಸಿದಾಗಲೂ ನಿಲುವು ಬದಲಾಗಲಿಲ್ಲ. ಮುಂದೆ ಎಷ್ಟೋ ವರ್ಷ ಸವಾರರು ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಹಲ್ಲುಚಕ್ರ ಹಾಕಿಕೊಂಡು, ಘಾಟಿಯ ಬುಡದಲ್ಲಿ ಇಳಿದು ಗಾಲಿ ಬಿಚ್ಚಿ ತಿರುಗಿಸಿ ಹಾಕುತ್ತಿದ್ದರು. ದೆಗ್ರಾಂಜ್ ಪಕ್ಕಕ್ಕೆ ಸರಿದ ಮೇಲೆ, 1937ರಲ್ಲಿ, ಓಡುತ್ತಲೇ ಚೈನ್ ಬದಲಿಸುವ ಗೇರಿಗೆ ಎಲ್ಲರಿಗೂ ಒಪ್ಪಿಗೆ ಸಿಕ್ಕಿತು.

ಲೆಕ್ಕ ಸರಳ. ಮುಂದೆ 44 ಹಲ್ಲು, ಹಿಂದೆ 18 ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಹಿಂದೆ 22 ಹಾಕಿದರೆ ಎರಡೇ ಸುತ್ತು. ಏರಿನಲ್ಲಿ ಕಾಲಿನ ಭಾರ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಸಮತಟ್ಟಿನಲ್ಲಿ ಮಾತ್ರ ಅಷ್ಟೇ ವೇಗಕ್ಕೆ ಹೆಚ್ಚು ತುಳಿಯಬೇಕು.

2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಅವು ಒಂದೇ ಗೇರಿನವು. ಬಯಲುಸೀಮೆಗೆ ಸರಿ, ಮಲೆನಾಡಿನ ಏರಿಗೆ ಕಷ್ಟ. ಹಾಗಂತ ಹೊಸ ಸೈಕಲ್ಲೇ ಕೊಳ್ಳಬೇಕಿಲ್ಲ. ಸೈಕಲ್ ಶಾಪಿನಲ್ಲಿ ಹೆಚ್ಚು ಹಲ್ಲಿನ ಫ್ರೀವೀಲ್ ಕೇಳಿ ನೋಡಿ. ಜೊತೆಗೆ ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು. ಮಗಳು ಏರಿನಲ್ಲಿ ಸೈಕಲ್ ತಳ್ಳಿಕೊಂಡು ಶಾಲೆಗೆ ತಡವಾಗಿ ಹೋಗುತ್ತಿದ್ದರೆ, ಅವಳ ಕಾಲಿನ ಬಲವನ್ನು ದೂರುವ ಮೊದಲು ಹಿಂದಿನ ಚಕ್ರದ ಹಲ್ಲು ಎಣಿಸೋಣ.