ಗೌರಿಶಂಕರದ ಪಕ್ಕದಲ್ಲಿ ಹಾರುತ್ತಾ... ಎವರೆಸ್ಟನ್ನು ಮೊದಲು ಮೇಲಿನಿಂದ ನೋಡಿದವರ ಕಥೆ

ಆ ದಿನ ಅಮ್ಮ ಕೇಳಿದ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟಿದ್ದೆ. ಅದನ್ನು ಸರಿಮಾಡಲು ಹೋಗಿ ಓದಿದ್ದೇ ಈ ಬರಹ.

2013ರ ನವೆಂಬರ್. ಅಮ್ಮನನ್ನು ಕರೆದುಕೊಂಡು ನೇಪಾಳಕ್ಕೆ ಹೋಗಿದ್ದೆ. ಪಶುಪತಿನಾಥನ ದರ್ಶನ ಆಗಿತ್ತು, ಬೌದ್ಧನಾಥದ ಸ್ತೂಪ ಸುತ್ತಿದ್ದೂ ಆಗಿತ್ತು. ಉಳಿದಿದ್ದು ಎವರೆಸ್ಟ್. ಎಪ್ಪತ್ತರ ಹತ್ತಿರದ, ಮಂಡಿನೋವಿನ ಅಮ್ಮನಿಗೆ ಎವರೆಸ್ಟ್ ತೋರಿಸಬೇಕೆಂದರೆ ಇರುವುದು ಒಂದೇ ದಾರಿ: ಕಠ್ಮಂಡುವಿನಿಂದ ಬೆಳಗಿನ ಜಾವ ಹೊರಡುವ 'ಮೌಂಟನ್ ಫ್ಲೈಟ್'. ಒಂದು ಗಂಟೆ ಹಿಮಾಲಯದ ಉದ್ದಕ್ಕೂ ಹಾರಿಸಿ, ಹೊರಟ ಜಾಗಕ್ಕೇ ವಾಪಸ್ಸು ತಂದು ಇಳಿಸುತ್ತಾರೆ. ಎಲ್ಲಿಗೂ ಹೋಗದ ವಿಮಾನಕ್ಕೆ ಇಷ್ಟು ದುಡ್ಡಾ ಎಂದು ಅಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ :)

ನಿಜ ಹೇಳಬೇಕೆಂದರೆ ನನಗೇ ಅಳುಕಿತ್ತು. ಎರಡು ವರ್ಷದ ಹಿಂದಷ್ಟೇ, 2011ರ ಸೆಪ್ಟೆಂಬರ್ 25ರಂದು, ಹೀಗೇ ಎವರೆಸ್ಟ್ ತೋರಿಸಿಕೊಂಡು ವಾಪಸ್ಸು ಬರುತ್ತಿದ್ದ ಬೀಚ್‌ಕ್ರಾಫ್ಟ್ ವಿಮಾನವೊಂದು ಕಠ್ಮಂಡು ಹತ್ತಿರದ ಗುಡ್ಡಕ್ಕೆ ಬಡಿದಿತ್ತು. ಒಳಗಿದ್ದ 19 ಜನರಲ್ಲಿ ಯಾರೂ ಉಳಿಯಲಿಲ್ಲ. ಸತ್ತವರಲ್ಲಿ ತಮಿಳುನಾಡಿನಿಂದ ಗುಂಪಾಗಿ ಬಂದವರೂ ಇದ್ದರು, ನಮ್ಮಂಥವರೇ. ಅಮ್ಮನಿಗೆ ಇದನ್ನು ಹೇಳಿರಲಿಲ್ಲ. ಮೊದಲ ದಿನ ಮಂಜು ಕವಿದು ವಿಮಾನ ರದ್ದಾದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಎರಡನೇ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಹತ್ತಿದೆವು. ಅದೂ ಅದೇ ಮಾದರಿಯ ವಿಮಾನ. ಎರಡು ಪ್ರೊಪೆಲ್ಲರ್, ಆ ಕಡೆ ಒಂದು ಈ ಕಡೆ ಒಂದು ಸೀಟು, ಎಲ್ಲರಿಗೂ ಕಿಟಕಿ. ಒಳಗೆ ತಲೆ ಬಗ್ಗಿಸದೆ ನಡೆಯಬಹುದು ಅನ್ನುವುದೊಂದೇ ದೊಡ್ಡಸ್ತಿಕೆ.

ಪೂರ್ವಕ್ಕೆ ಹೋಗುವಾಗ ಎಡಗಡೆಯವರಿಗೆ ಹಿಮಾಲಯ, ಬರುವಾಗ ಬಲಗಡೆಯವರಿಗೆ. ನಾನು ಅಮ್ಮನನ್ನು ಎಡಗಡೆ ಕೂರಿಸಿದ್ದೆ. ಗಗನಸಖಿ ಶಿಖರಗಳ ಚಿತ್ರವಿದ್ದ ಒಂದು ಹಾಳೆ ಹಂಚಿ, ಒಬ್ಬೊಬ್ಬರ ಬಳಿಯೂ ಬಗ್ಗಿ ಬೆರಳು ತೋರಿಸುತ್ತಿದ್ದಳು. ಗೌರಿಶಂಕರ ಎಂದಿದ್ದೇ ತಡ, ಅಮ್ಮ ಕೈ ಮುಗಿದರು. (7,134 ಮೀಟರಿನ ಈ ಗೌರಿಶಂಕರವೇ ಎವರೆಸ್ಟ್ ಎಂದು ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನವರು ಬಹಳ ಕಾಲ ಗೊಂದಲ ಮಾಡಿಕೊಂಡಿದ್ದರು. ಎರಡೂ ಬೇರೆ ಬೇರೆ ಎಂದು ಖಚಿತವಾಗಿದ್ದು 1903ರಲ್ಲಿ.) ಆಮೇಲೆ ಚೋ ಓಯು, ನುಪ್ಟ್ಸೆ, ಅದರ ಗೋಡೆಯ ಹಿಂದಿನಿಂದ ಇಣುಕುವ ಕಪ್ಪು ತ್ರಿಕೋನ. ಅದೇ ಎವರೆಸ್ಟ್. ಸುತ್ತಲಿನ ಬೆಟ್ಟಗಳೆಲ್ಲ ಬೆಳ್ಳಗಿದ್ದರೆ ಇದು ಮಾತ್ರ ಕಪ್ಪಗೆ. ಅಷ್ಟು ಎತ್ತರದಲ್ಲಿ ಬೀಸುವ ಗಾಳಿ ಹಿಮವನ್ನು ನಿಲ್ಲಲು ಬಿಡುವುದಿಲ್ಲ.

ಆಗ ಅಮ್ಮ ಕೇಳಿದರು: "ಅಲ್ವೋ, ಇದನ್ನ ಹಿಂಗೆ ಮೇಲಿಂದ ಮೊದಲು ನೋಡ್ದೋರು ಯಾರೋ?"

"ಹಿಲರಿ, ತೇನ್ಸಿಂಗ್ ಅಮ್ಮಾ."

"ಅವರು ಹತ್ತಿ ನೋಡಿದ್ರು ಕಣೋ. ನಾನು ಕೇಳಿದ್ದು ಹಾರಿ ನೋಡಿದೋರು."

ಉತ್ತರ ಗೊತ್ತಿರಲಿಲ್ಲ. ಊರಿಗೆ ಬಂದ ಮೇಲೆ ಹುಡುಕಿದೆ. ಹಿಲರಿ, ತೇನ್ಸಿಂಗ್ ಶಿಖರ ಮುಟ್ಟಿದ್ದು 1953ರ ಮೇ 29ರಂದು. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1933ರ ಏಪ್ರಿಲ್ 3ರಂದು, ಎರಡು ವಿಮಾನಗಳು ಎವರೆಸ್ಟಿನ ನೆತ್ತಿಯ ಮೇಲೆ ಹಾದುಹೋಗಿದ್ದವು. ಹೊರಟಿದ್ದು ನಮ್ಮ ಬಿಹಾರದ ಪೂರ್ಣಿಯಾದಿಂದ!

ದುಡ್ಡು ಕೊಟ್ಟಿದ್ದು ಲೇಡಿ ಲೂಸಿ ಹ್ಯೂಸ್ಟನ್ ಎಂಬ ಮುದುಕಿ. ಹರೆಯದಲ್ಲಿ ರಂಗದ ಮೇಲೆ ಕುಣಿಯುತ್ತಿದ್ದವಳು, ಮದುವೆಗಳ ಮೂಲಕ ಬ್ರಿಟನ್ನಿನ ಅತಿ ಶ್ರೀಮಂತ ಹೆಂಗಸರಲ್ಲಿ ಒಬ್ಬಳಾದವಳು. 1931ರ ಷ್ನೈಡರ್ ಟ್ರೋಫಿ ವಿಮಾನ ಪಂದ್ಯಕ್ಕೆ ಸರ್ಕಾರ ಹಣ ಕೊಡಲ್ಲ ಎಂದಾಗ ಒಂದು ಲಕ್ಷ ಪೌಂಡ್ ಎಣಿಸಿದ್ದಳು. ಕಟ್ಟಾ ಸಾಮ್ರಾಜ್ಯವಾದಿ. ಇಲ್ಲೇ ಕಥೆಯ ಗಂಟು ಇರುವುದು. ಎವರೆಸ್ಟ್ ಹಾರಾಟವನ್ನು ಸಮರ್ಥಿಸಿಕೊಳ್ಳಲು ಅವರು ಭೂಪಟ, ವಿಜ್ಞಾನ ಎಂದೆಲ್ಲ ಹೇಳಿದ್ದು ನಿಜ. ಜೊತೆಗೆ ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬ್ರಿಟಿಷರು ಸೋತು ಸೊರಗುತ್ತಿರುವ ಜನವಲ್ಲ ಎಂದು ಭಾರತದವರಿಗೆ ತೋರಿಸಬೇಕು, ಈ ಸಾಹಸದಿಂದ ಅವರ ಮನಸ್ಸಿನ ಮೇಲೆ ಪರಿಣಾಮ ಆಗಬೇಕು ಎಂದು. ಆ ಹೊತ್ತಿಗೆ ಗಾಂಧೀಜಿ ಯರವಡಾ ಜೈಲಿನಲ್ಲಿದ್ದರು. ಕಾನೂನುಭಂಗ ಚಳವಳಿಯಲ್ಲಿ ನಮ್ಮ ಕಡೆಯವರೂ ಜೈಲು ತುಂಬಿದ್ದ ಕಾಲ. ಅಂದರೆ ಅಮ್ಮ ಕೈ ಮುಗಿದು ನೋಡಿದ ಆ ನೋಟ ಮೊದಲು ಶುರುವಾಗಿದ್ದು ನನ್ನ ಅಜ್ಜನ ಕಾಲದವರನ್ನು ಬೆರಗುಗೊಳಿಸಿ ಸುಮ್ಮನಾಗಿಸಲು! ಇದನ್ನು ಓದಿದಾಗ ನಗು ಬಂತು, ಸ್ವಲ್ಪ ಸಿಟ್ಟೂ ಬಂತು.

ಆದರೆ ಹಾರಿದವರ ಗುಂಡಿಗೆ ಸಣ್ಣದಲ್ಲ. ಅದನ್ನೂ ಹೇಳಲೇಬೇಕು. ಎರಡು ರೆಕ್ಕೆಗಳ ಬೈಪ್ಲೇನ್‌ಗಳು, ಬ್ರಿಸ್ಟಲ್ ಪೆಗಾಸಸ್ ಎಂಜಿನ್. ಪೈಲಟ್ ಕೂರುವ ಜಾಗಕ್ಕೆ ಮೇಲೆ ಮುಚ್ಚಳವೇ ಇಲ್ಲ. ನಮ್ಮ ವಿಮಾನದಲ್ಲಿ ಒಳಗಿನ ಗಾಳಿಯ ಒತ್ತಡವನ್ನು ಯಂತ್ರ ನೋಡಿಕೊಳ್ಳುತ್ತಿತ್ತು. ಅವರಿಗೆ ಮುಖವಾಡದೊಳಗೆ ಬರುವ ಆಮ್ಲಜನಕವೇ ಗತಿ. ಅದು ನಿಂತರೆ ಆ ಎತ್ತರದಲ್ಲಿ ಕೆಲವೇ ನಿಮಿಷಕ್ಕೆ ಪ್ರಜ್ಞೆ ತಪ್ಪುತ್ತದೆ. ಚಳಿಗೆ ಬಟ್ಟೆಯೊಳಗೆ ವಿದ್ಯುತ್ ತಂತಿ ಹೆಣೆದು ಬಿಸಿ ಮಾಡಿಕೊಂಡಿದ್ದರು, ಕ್ಯಾಮೆರಾಗಳಿಗೂ ಅದೇ ಉಪಚಾರ. ಮೊದಲ ವಿಮಾನದಲ್ಲಿ ಕ್ಲೈಡ್ಸ್‌ಡೇಲ್ ಎಂಬ ಯುವಕ (ಸಂಸತ್ ಸದಸ್ಯ, ಬಾಕ್ಸರ್ ಕೂಡ) ಮತ್ತು ಕರ್ನಲ್ ಬ್ಲ್ಯಾಕರ್. ಎರಡನೆಯದರಲ್ಲಿ ಮ್ಯಾಕಿಂಟೈರ್ ಮತ್ತು ಸಿನಿಮಾ ಕ್ಯಾಮೆರಾದ ಬಾನೆಟ್.

ಬೆಳಗ್ಗೆ ಸುಮಾರು ಎಂಟೂವರೆಗೆ ಹೊರಟರು. ಬಿಹಾರದ ಬೇಸಗೆಯ ಧೂಳು ಮುಗಿಯುವುದೇ ಇಲ್ಲ. 19,000 ಅಡಿ ಏರಿದ ಮೇಲಷ್ಟೇ ಆ ಕೊಳೆಯಿಂದ ಹೊರಬಂದು ಎದುರಿಗೆ ಶಿಖರಗಳನ್ನು ಕಂಡರು. ಹತ್ತಿರ ಹೋಗುತ್ತಿದ್ದಂತೆ ಬೆಟ್ಟದ ಮೇಲಿಂದ ಕೆಳಕ್ಕೆ ಧುಮುಕುವ ಗಾಳಿಗೆ ಸಿಕ್ಕಿ ವಿಮಾನ ಸುಮಾರು 2,000 ಅಡಿ ಕುಸಿಯಿತು. ಎಂಜಿನ್ ಪೂರ್ತಿ ಓಡುತ್ತಿದ್ದರೂ ಕೆಳಕ್ಕೆ! ಹೇಗೋ ಸಾವರಿಸಿಕೊಂಡು ಹತ್ತು ಗಂಟೆ ಐದು ನಿಮಿಷಕ್ಕೆ ಶಿಖರ ದಾಟಿದರು. ಬ್ಲ್ಯಾಕರ್ ವಿಮಾನದ ತಳದ ಬಾಗಿಲು ತೆರೆದು ಆ ರಂಧ್ರದಿಂದಲೇ ನೇರ ಕೆಳಕ್ಕೆ ಚಿತ್ರ ತೆಗೆಯುತ್ತಿದ್ದ.

ಎರಡನೇ ವಿಮಾನದಲ್ಲಿ ಬೇರೆಯದೇ ನಡೆಯಿತು. ಕ್ಯಾಮೆರಾ ಹಿಡಿದು ಆಚೀಚೆ ಓಡಾಡುತ್ತಿದ್ದ ಬಾನೆಟ್ ತನ್ನ ಆಮ್ಲಜನಕದ ನಳಿಕೆಯನ್ನು ತಾನೇ ತುಳಿದುಬಿಟ್ಟ. ನಳಿಕೆ ಸೀಳಿತು. ಹೊಟ್ಟೆಯಲ್ಲಿ ನೋವು, ಕಣ್ಣಿಗೆ ಮಂಪರು. ಜೇಬಿನ ಕರವಸ್ತ್ರ ತೆಗೆದು ಸೀಳಿಗೆ ಸುತ್ತಿದ, ಅಷ್ಟು ಮಾಡಿ ನೆಲಕ್ಕೆ ಕುಸಿದ. ಮುಂದಿದ್ದ ಮ್ಯಾಕಿಂಟೈರ್‌ಗೆ ಸೀಟು ಬಿಟ್ಟು ಏಳುವ ಹಾಗಿಲ್ಲ. ಹಿಂದಿರುವವನು ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ವಿಮಾನ ಕೆಳಕ್ಕಿಳಿದು ಗಾಳಿ ದಟ್ಟವಾದ ಮೇಲೆ ಬಾನೆಟ್ ಎದ್ದು ಕೂತ.

ಹೀಗೆಲ್ಲ ಪಟ್ಟ ಪಾಡಿಗೆ ಫಲ? ಚಿತ್ರಗಳನ್ನು ತೊಳೆದು ನೋಡಿದರೆ, ಭೂಪಟ ಮಾಡಲು ಬೇಕಿದ್ದ ನೇರ ಕೆಳಗಿನ ಚಿತ್ರಗಳು ಆ ಧೂಳಿನಿಂದಾಗಿ ಕೈಕೊಟ್ಟಿದ್ದವು. ಲಂಡನ್ನಿನವರಿಗೆ ಮಾತ್ರ ಇಷ್ಟೇ ಸಾಕಾಗಿತ್ತು, ದಾಖಲೆ ಆಗಿದೆಯಲ್ಲ! ಬೆಟ್ಟದ ಒಳ್ಳೆಯ ದೇವತೆ ಕಾಪಾಡಿದ್ದಾಳೆ, ಕೆಟ್ಟ ದೇವತೆಗಳನ್ನು ಕೆಣಕಬೇಡಿ ಎಂಬ ಅರ್ಥದ ತಂತಿಯನ್ನು ಲೇಡಿ ಹ್ಯೂಸ್ಟನ್ ಕಳಿಸಿದಳು. (ನಮ್ಮನ್ನು ಮೂಢರು ಎನ್ನುತ್ತಿದ್ದ ಕಾಲದಲ್ಲಿ!) ಆದರೆ ಹುಡುಗರು ಕೇಳಲಿಲ್ಲ. ಏಪ್ರಿಲ್ 19ರಂದು ಲಂಡನ್ನಿನ ಮಾತು ಮೀರಿ ಮತ್ತೆ ಹಾರಿದರು, ಈ ಸಲ ಬೇಕಾದ ಚಿತ್ರಗಳು ಸಿಕ್ಕವು. ಭಾರತದಲ್ಲಿ ಅವಿಧೇಯತೆಯನ್ನು ಅಡಗಿಸಲು ಹೊರಟ ಯೋಜನೆಯ ಒಳ್ಳೆಯ ಕೆಲಸ ಆಗಿದ್ದೇ ಅವಿಧೇಯತೆಯಿಂದ. ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟವಾದದ್ದು ಇದೇ.

ಎತ್ತರದ ಮಾತಿಗೆ ಬಂದರೆ ಇನ್ನೊಂದು ಹಳೆಯ ಎಳೆ ನಮ್ಮೂರಿಗೂ ಮುಟ್ಟುತ್ತದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಲ್ಯಾಂಬ್ಟನ್ ಎಂಬಾತ ಬೆಂಗಳೂರಿನ ಬಳಿ ನೆಲದ ಮೇಲೆ ಸರಪಳಿ ಹಾಸಿ ಆಧಾರರೇಖೆ ಅಳೆದ. ಅಲ್ಲಿಂದ ಬೆಳೆದ ಸರ್ವೆಯೇ ಮುಂದೆ ಉತ್ತರಕ್ಕೆ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಹಿಮಾಲಯ ಮುಟ್ಟಿತು. ಬಂಗಾಳದ ರಾಧಾನಾಥ ಸಿಕ್ದಾರ್ ಲೆಕ್ಕ ಹಾಕಿದ, ಎವರೆಸ್ಟ್ 29,002 ಅಡಿ ಎಂದು ಬಂತು. 2020ರಲ್ಲಿ ನೇಪಾಳ ಮತ್ತು ಚೀನಾ ಸೇರಿ ಘೋಷಿಸಿದ ಎತ್ತರ 8,848.86 ಮೀಟರ್, ಅಂದರೆ 29,032 ಅಡಿಗೆ ಸ್ವಲ್ಪ ಕಡಿಮೆ. ಬೆಟ್ಟದ ಹತ್ತಿರವೂ ಸುಳಿಯದೆ ಬಯಲಿನಲ್ಲಿ ಕೂತು ಮಾಡಿದ ಲೆಕ್ಕದಲ್ಲಿ ವ್ಯತ್ಯಾಸ ಬರೀ ಮೂವತ್ತು ಅಡಿ! ವಿಮಾನದವರಿಗಿಂತ ನನಗೆ ಸಿಕ್ದಾರನೇ ಹೆಚ್ಚು ಬೆರಗು ಹುಟ್ಟಿಸುತ್ತಾನೆ.

ಆ ಚಿತ್ರಗಳು ಲಂಡನ್ನಿನ ಕಡತಗಳಲ್ಲಿ ಮಲಗಿದವು. ಆಗ ಎವರೆಸ್ಟ್ ಹತ್ತುವವರೆಲ್ಲ ಟಿಬೆಟಿನ ಕಡೆಯಿಂದ, ಉತ್ತರದಿಂದ ಹೋಗುತ್ತಿದ್ದರು. ನೇಪಾಳ ಹೊರಗಿನವರಿಗೆ ಬಾಗಿಲು ಹಾಕಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಟಿಬೆಟ್ ಮುಚ್ಚಿತು, ನೇಪಾಳ ತೆರೆಯಿತು. ದಕ್ಷಿಣದಿಂದ ದಾರಿ ಇದೆಯೇ? 1951ರಲ್ಲಿ ಮೈಕೇಲ್ ವಾರ್ಡ್ ಎಂಬ ಯುವ ವೈದ್ಯ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಕಡತಗಳನ್ನು ಕೆದಕಿದ. 1933ರ ಹಾರಾಟದ ಚಿತ್ರಗಳು, 1945 ಮತ್ತು 1947ರಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್‌ಗಳು ತೆಗೆದ ಚಿತ್ರಗಳು, ಮರೆತುಹೋಗಿದ್ದ ಒಂದು ನಕಾಶೆ. ಎಲ್ಲ ಕೂಡಿಸಿ ನೋಡಿದರೆ ಖುಂಬು ಹಿಮನದಿಯ ಕಡೆಯಿಂದ ದಾರಿ ಇರುವ ಹಾಗೆ ಕಾಣುತ್ತಿತ್ತು. ಅದೇ ವರ್ಷ ಷಿಪ್ಟನ್ ತಂಡ ಹೋಗಿ ಕಣ್ಣಾರೆ ನೋಡಿ ಬಂತು. 1953ರಲ್ಲಿ ಹಿಲರಿ, ತೇನ್ಸಿಂಗ್ ಹತ್ತಿದ್ದು ಆ ದಾರಿಯಲ್ಲೇ. ಅಂದರೆ ಅಮ್ಮನಿಗೆ ನಾನು ಕೊಟ್ಟ ಉತ್ತರ ಪೂರ್ತಿ ತಪ್ಪೂ ಅಲ್ಲ ಅನ್ನಿ... ನಡುವೆ ಒಂದು ಎಳೆ ಇದೆ. ಅವರು ಹತ್ತಿದ ಮರುತಿಂಗಳು, ಜೂನ್‌ನಲ್ಲಿ, ಶಿಖರದ ಮೇಲೆ ಹಾರಿ ಚಿತ್ರ ತೆಗೆದಿದ್ದು ಭಾರತೀಯ ವಾಯುಪಡೆಯ ಲಿಬರೇಟರ್ ವಿಮಾನ. ಬೆರಗಾಗಿ ಸುಮ್ಮನಿರಬೇಕಾಗಿದ್ದವರು ತಾವೇ ಹಾರಿದರು!

ಪೂರ್ಣಿಯಾದ ಗತಿ ಏನಾಯಿತು? ವಿಮಾನದವರು ಹೋಗಿ ಒಂಬತ್ತು ತಿಂಗಳಿಗೆ, 1934ರ ಜನವರಿ 15ರ ಮಹಾಭೂಕಂಪ ನೇಪಾಳ ಮತ್ತು ಉತ್ತರ ಬಿಹಾರವನ್ನು ಅಲುಗಿಸಿತು, ಸಾವಿರಾರು ಜನ ಸತ್ತರು. ಕ್ಲೈಡ್ಸ್‌ಡೇಲ್ ಮುಂದೆ ಡ್ಯೂಕ್ ಆಫ್ ಹ್ಯಾಮಿಲ್ಟನ್ ಆದ. 1941ರಲ್ಲಿ ಹಿಟ್ಲರನ ಬಲಗೈ ರುಡಾಲ್ಫ್ ಹೆಸ್ ಒಬ್ಬನೇ ವಿಮಾನ ಹಾರಿಸಿಕೊಂಡು ಸ್ಕಾಟ್ಲೆಂಡಿನಲ್ಲಿ ಇಳಿದನಲ್ಲ, ಅವನು ಹುಡುಕಿ ಬಂದಿದ್ದು ಇದೇ ಡ್ಯೂಕನನ್ನು. ಮ್ಯಾಕಿಂಟೈರ್ ವಿಮಾನ ಕಟ್ಟುವ ಕಂಪನಿ ಶುರುಮಾಡಿ, 1957ರಲ್ಲಿ ತನ್ನದೇ ಕಂಪನಿಯ ವಿಮಾನ ಬಿದ್ದು ಸತ್ತ.

ನಮ್ಮ ಹಾರಾಟಕ್ಕೆ ವಾಪಸ್ಸು ಬರುತ್ತೇನೆ. ಮೇಲಿಂದ ನೋಡುವಾಗ ಹಿಮನದಿ ಎಂದರೆ ಬೆಳ್ಳನೆಯ ನದಿ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಕೆಳತುದಿಗಳೆಲ್ಲ ಬೂದುಬಣ್ಣದ ಕಲ್ಲುರಾಶಿ, ಥೇಟ್ ನಮ್ಮ ರಿಂಗ್ ರೋಡ್ ಅಗೆದು ಹಾಕಿದ ಹಾಗೆ. ಮಂಜುಗಡ್ಡೆ ಇರುವುದು ಅದರ ಅಡಿಯಲ್ಲಿ. ಕೆಲವು ಕಡೆ ಹಾಲು ಬೆರೆಸಿದ ಹಸಿರಿನ ಪುಟ್ಟ ಕೆರೆಗಳು. "ಎಷ್ಟು ಚೆನ್ನಾಗಿದೆ ನೋಡೋ ಕೆರೆ" ಎಂದರು ಅಮ್ಮ. ಹೌದೆಂದೆ. ಆಮೇಲೆ ಓದಿ ತಿಳಿದದ್ದು, ಆ ಕೆರೆಗಳೇ ಕೆಳಗಿನ ಊರಿನವರ ನಿದ್ದೆ ಕೆಡಿಸಿರುವುದು. ಅಮ ದಬ್ಲಮ್ ಶಿಖರದ ಆಚೆ ಇಮ್ಜಾ ಎಂಬ ಕೆರೆ ಇದೆ. 1950ರ ದಶಕದ ಚಿತ್ರಗಳಲ್ಲಿ ಅಲ್ಲಿ ಕೆರೆಯೇ ಇಲ್ಲ, ಹಿಮನದಿಯ ಮೇಲೆ ಚಿಕ್ಕಪುಟ್ಟ ಹೊಂಡಗಳಷ್ಟೇ. ಹೊಂಡಗಳು ಕೂಡಿಕೊಂಡು ಈಗ ಎರಡು ಕಿಲೋಮೀಟರಿಗಿಂತ ಉದ್ದದ ಕೆರೆಯಾಗಿದೆ. ತಡೆದಿರುವುದು ಕಲ್ಲುಮಣ್ಣಿನ ದಿಬ್ಬ. ಅದು ಒಡೆದರೆ ಎಂಬ ಭಯಕ್ಕೆ 2016ರಲ್ಲಿ ಕಾಲುವೆ ತೋಡಿ ನೀರಿನ ಮಟ್ಟವನ್ನು ಮೂರು ಮೀಟರಿಗೂ ಹೆಚ್ಚು ಇಳಿಸಿದರು. ಗೌರಿಶಂಕರದ ಬಳಿಯ ತ್ಸೋ ರೋಲ್ಪಾ ಕೆರೆಗೆ ಇದೇ ಕೆಲಸ 2000ದಲ್ಲೇ ಆಗಿತ್ತು. 2024ರ ಆಗಸ್ಟ್‌ನಲ್ಲಿ ಥಾಮೆ ಎಂಬ ಷೆರ್ಪಾ ಹಳ್ಳಿಗೆ ಹೀಗೇ ಮೇಲಿನ ಹಿಮಕೆರೆ ಒಡೆದು ನೀರು ನುಗ್ಗಿ ಮನೆಗಳನ್ನು ಒಯ್ದಿತು. ತೇನ್ಸಿಂಗ್ ಬಾಲ್ಯ ಕಳೆದ ಊರು ಅದು.

ವಿಮಾನ ಇಳಿಯುವ ಮೊದಲು ಒಬ್ಬೊಬ್ಬರನ್ನೇ ಕಾಕ್‌ಪಿಟ್‌ಗೆ ಕರೆದು ತೋರಿಸಿದ್ದರು. ಕೊನೆಗೊಂದು ಸರ್ಟಿಫಿಕೇಟ್. ಅಮ್ಮ ಅದನ್ನು ಮನೆಯ ಶೋಕೇಸಿನಲ್ಲಿ ಇಟ್ಟಿದ್ದಾರೆ.

ಬಾನೆಟ್ ಮತ್ತು ಸಂಗಡಿಗರು ತೆಗೆದ ಚಿತ್ರ 1934ರಲ್ಲಿ ಸಿನಿಮಾ ಆಗಿ ಬಂದು, 1936ರ ಸಮಾರಂಭದಲ್ಲಿ ಆಸ್ಕರ್ ಪಡೆಯಿತು. ಅದರ ತುಣುಕುಗಳನ್ನು ಮೊನ್ನೆ ಅಮ್ಮನಿಗೆ ಮೊಬೈಲಿನಲ್ಲಿ ತೋರಿಸಿದೆ. ಕಪ್ಪು ಬಿಳುಪು, ಗಡಗಡ ಅಲುಗುವ ರೆಕ್ಕೆ, ಅದರಾಚೆ ಶಿಖರ. ಕರವಸ್ತ್ರದ ಕಥೆಯನ್ನೂ ಹೇಳಿದೆ. ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿ ಕೇಳಿದರು:

"ಆ ಕ್ಯಾಮೆರಾದವನು ಬದುಕಿದ್ನಾ?"

"ಬದುಕಿದ ಅಮ್ಮಾ."

"ಸದ್ಯ" ಎಂದು ಮೊಬೈಲ್ ವಾಪಸ್ಸು ಕೊಟ್ಟರು.