ಮಂಜರೂರಿನ ಯಹೂದಿ ವರ್ತಕ ಮತ್ತು ಒಬ್ಬ ವಿದ್ಯಾರ್ಥಿಯ ಪ್ರಶ್ನೆ

ಅರಬಿ ಅಕ್ಷರಗಳಿರುವ ಕಾಗದದ ಚೂರೊಂದು ನೆಲದ ಮೇಲೆ ಬಿದ್ದಿದ್ದರೆ ನಮ್ಮ ಮನೆಗಳ ಹಿರಿಯರು ಅದನ್ನು ದಾಟಿ ಹೋಗುವುದಿಲ್ಲ. ಎತ್ತಿ, ಕಣ್ಣಿಗೊತ್ತಿಕೊಂಡು, ಯಾರ ಕಾಲೂ ತಾಗದ ಎತ್ತರದಲ್ಲಿ ಇಡುತ್ತಾರೆ. ಜೀರ್ಣವಾದ ಮುಸ್‌ಹಫ್‌ಗಳನ್ನು ಮಸೀದಿಯಲ್ಲಿ ಕೂಡಿಟ್ಟು ಕೊನೆಗೆ ಗೌರವದಿಂದ ಹೂಳುವ ಪದ್ಧತಿಯೂ ನಮ್ಮಲ್ಲಿದೆ. ಇದೇ ಅದಬು ಯಹೂದಿಗಳಲ್ಲಿಯೂ ಇತ್ತು, ಇದೆ. ದೇವನಾಮ ಬರೆದಿರಬಹುದಾದ ಬರಹವನ್ನು ಅವರು ಕಸಕ್ಕೆ ಎಸೆಯುತ್ತಿರಲಿಲ್ಲ. ಅಂತಹ ಕಾಗದಗಳನ್ನು ಕೂಡಿಡುವ ಸ್ಥಳಕ್ಕೆ ಗೆನಿಝಾ ಎಂದು ಹೆಸರು. ಹಳೆಯ ಕೈರೋದ ಭಾಗವಾದ ಫುಸ್ತಾತ್‌ನಲ್ಲಿ ಬೆನ್ ಎಝ್ರಾ ಎಂಬ ಯಹೂದಿ ಪ್ರಾರ್ಥನಾಲಯವಿದೆ. ಅದರ ಗೆನಿಝಾದಲ್ಲಿ ಶತಮಾನಗಳ ಕಾಗದಗಳು ಉಳಿದುಕೊಂಡಿದ್ದವು. 1896-97ರಲ್ಲಿ ಸೊಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಅವುಗಳ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅಲ್ಲಿ ಈಗ 1,90,000ಕ್ಕೂ ಹೆಚ್ಚು ತುಣುಕುಗಳಿವೆ.

ಈ ಕಾಗದಗಳನ್ನು ಇಂದು ಇಲ್ಲಿ ಪ್ರಸ್ತಾಪಿಸಲು ಒಂದು ಕಾರಣವಿದೆ. ಗಾಝಾದ ಚಿತ್ರಗಳನ್ನು ದಿನವೂ ಮೊಬೈಲಿನಲ್ಲಿ ನೋಡುತ್ತಿದ್ದ ಹನ್ನೆರಡು ವರ್ಷದ ವಿದ್ಯಾರ್ಥಿಯೊಬ್ಬ ಒಂದು ಸಂಜೆ ತರಗತಿಯಲ್ಲಿ ನಮ್ಮನ್ನು ಕೇಳಿದ: "ಉಸ್ತಾದರೇ, ಯಹೂದಿಗಳಲ್ಲಿ ಒಬ್ಬರಾದರೂ ಒಳ್ಳೆಯವರು ಇದ್ದರೇ?" ನಾವು ಕೂಡಲೇ ಅಬ್ದುಲ್ಲಾ ಇಬ್ನು ಸಲಾಮ್(ರ)ರ ಹೆಸರು ಹೇಳಿದೆವು. ಹುಡುಗ ಒಪ್ಪಲಿಲ್ಲ. "ಅವರು ಮುಸ್ಲಿಮರಾದರಲ್ಲ, ಉಸ್ತಾದರೇ. ಯಹೂದಿಯಾಗಿಯೇ ಉಳಿದವರಲ್ಲಿ?" ಎಂದ.

ಪ್ರಶ್ನೆ ಸರಿಯಾಗಿತ್ತು. ನಮ್ಮ ಉತ್ತರವೇ ಅಡ್ಡದಾರಿ ಹಿಡಿದಿತ್ತು. ಆಲು ಇಮ್ರಾನ್ ಅಧ್ಯಾಯವು ಗ್ರಂಥದವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ ಎಂಬುದು ನಮಗೆ ತಿಳಿದದ್ದೇ. ಪ್ರವಾದಿವರ್ಯರು(ಸ) ಮರಣ ಹೊಂದಿದಾಗ ಅವರ ಕವಚವು ಜವೆಗೋಧಿಗಾಗಿ ಒಬ್ಬ ಯಹೂದಿಯ ಬಳಿ ಅಡವಿನಲ್ಲಿತ್ತು ಎಂಬ ಹದೀಸನ್ನು ನಾವೇ ಪಾಠ ಹೇಳಿದ್ದೇವೆ. ಮದೀನಾದಲ್ಲಿ ಯಹೂದಿ ಗೋತ್ರಗಳೊಂದಿಗೆ ನಡೆದ ಯುದ್ಧಗಳ ಅನಂತರದ ಸಂಗತಿ ಅದು. ಆದರೂ ಹುಡುಗನ ಮುಂದೆ ನಮಗೆ ಹೆಸರು ಸಿಗಲಿಲ್ಲ. ಒಂದು ವಾರದ ಬಳಿಕ ಸಿಕ್ಕ ಹೆಸರು ನಮ್ಮ ಮಂಗಳೂರಿನದೇ.

ಇಬ್ರಾಹೀಮ್ ಬೆನ್ ಯಿಜು ಎಂಬ ಯಹೂದಿ ವರ್ತಕರು ಇಂದಿನ ಟ್ಯುನೀಷಿಯಾದ ಮಹ್ದಿಯಾ ಪಟ್ಟಣದವರು. ಅಲ್ಲಿಂದ ಹೊರಟು, ಏಡನ್‌ನಲ್ಲಿ ಯಹೂದಿ ವರ್ತಕರ ಮುಖ್ಯಸ್ಥರಾಗಿದ್ದ ಮದ್ಮೂನ್ ಇಬ್ನು ಹಸನ್ ಅವರ ಆಶ್ರಯದಲ್ಲಿದ್ದು, ಅನಂತರ ಅರಬಿ ಸಮುದ್ರವನ್ನು ದಾಟಿ 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದರು. ಅರಬರ ಬಾಯಲ್ಲಿ ಅದು ಮಂಜರೂರು. ತುಳುನಾಡಿನಲ್ಲಿ ಆಗ ಆಳುಪರ ಆಳ್ವಿಕೆ. ಕಲ್ಯಾಣದ ಶರಣರ ಶತಮಾನವೂ ಅದೇ. ಬೆನ್ ಯಿಜು ಇಲ್ಲಿಂದ ಕರಿಮೆಣಸು, ಅಡಕೆ, ಏಲಕ್ಕಿ, ಕಬ್ಬಿಣಗಳನ್ನು ಕಳುಹಿಸುತ್ತಿದ್ದರು. ಏಡನ್‌ನಿಂದ ಬರುತ್ತಿದ್ದ ತಾಮ್ರ ಮತ್ತು ಒಡೆದ ಹಿತ್ತಾಳೆ ಪಾತ್ರೆಗಳನ್ನು ಕರಗಿಸಿ ಇಲ್ಲಿನ ಕುಶಲಕರ್ಮಿಗಳಿಂದ ಹೊಸ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯೊಂದು ಅವರದಾಗಿತ್ತು. ಇಲ್ಲಿ ಕಾಗದ ಸಿಗುತ್ತಿರಲಿಲ್ಲವಾದ್ದರಿಂದ ಏಡನ್‌ನ ಗೆಳೆಯರು ಸಕ್ಕರೆ, ಒಣದ್ರಾಕ್ಷಿಗಳ ಜೊತೆಗೆ ಕಾಗದವನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದರು. ಬಂದ ಪತ್ರಗಳ ಹಿಂಬದಿಯಲ್ಲಿಯೂ ಬೆನ್ ಯಿಜು ಲೆಕ್ಕ ಬರೆದರು. ಅವರ ಬದುಕು ನಮಗೆ ದಕ್ಕಿರುವುದು ಆ ಕಾಗದಗಳಿಂದ.

ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಮಲಯಾಳವನ್ನು ಅರಬಿ ಲಿಪಿಯಲ್ಲಿ ಬರೆಯುವ ಅರಬಿ-ಮಲಯಾಳವನ್ನು ಕಂಡಿರುವ ನಮ್ಮ ಕರಾವಳಿಯ ಕುಟುಂಬಗಳಿಗೆ ಇದು ವಿಚಿತ್ರವೆನಿಸಬೇಕಿಲ್ಲ. ನೆರೆಯವರೊಂದಿಗೆ ಹಂಚಿಕೊಂಡ ಮಾತಿಗೆ ತಮ್ಮ ಗ್ರಂಥದ ಅಕ್ಷರ ತೊಡಿಸುವುದು ದೂರದ ನಾಡಿನಲ್ಲಿ ಬಾಳುವವರ ಹಳೆಯ ಉಪಾಯ. ಪತ್ರಗಳು ಪರಮ ದಯಾಮಯನ ನಾಮದಿಂದಲೇ ಆರಂಭವಾಗುತ್ತವೆ. ಏಡನ್‌ನ ಮದ್ಮೂನ್ ಅಲ್ಲಿನ ಮುಸ್ಲಿಮ್ ಆಡಳಿತಾಧಿಕಾರಿ ಬಿಲಾಲ್ ಇಬ್ನು ಜರೀರ್ ಅವರೊಂದಿಗೆ ವ್ಯಾಪಾರದಲ್ಲಿ ಪಾಲುದಾರರಾಗಿದ್ದರು. ಈ ಯಹೂದಿಗಳ ಸರಕು ಸಾಗಿಸಿದ ಹಡಗುಗಳಲ್ಲಿ ಸೀರಾಫ್‌ನ ರಾಮಿಷ್ತ್ ಎಂಬ ಮುಸ್ಲಿಮ್ ವರ್ತಕರ ಹಡಗುಗಳೂ ಇದ್ದವು. ಪವಿತ್ರ ಕಅಬಾಕ್ಕೆ ಚೀನೀ ರೇಷ್ಮೆಯ ಹೊದಿಕೆಯನ್ನು ಅರ್ಪಿಸಿದ ರಾಮಿಷ್ತ್ ಇವರೇ. ಪತ್ರ ಕಳೆದರೆ, ಹಡಗು ಮುಳುಗಿದರೆ, ಪಾಲುದಾರ ಸತ್ತರೆ, ಕೊನೆಗೆ ಕೈಯಲ್ಲಿ ಉಳಿಯುವುದು ಕೊಟ್ಟ ಮಾತೊಂದೇ. ವರ್ಷಕ್ಕೊಮ್ಮೆ ಬೀಸುವ ಮುಂಗಾರಿನ ಗಾಳಿಯನ್ನು ನಂಬಿದ್ದ ಆ ವ್ಯಾಪಾರ ಅಮಾನತ್ತಿನ ಮೇಲೆಯೇ ನಿಂತಿತ್ತು.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಒಂದು ದಸ್ತಾವೇಜು ಬರೆಸಿದರು. ಆಶು ಎಂಬ ಇಲ್ಲಿನ ದಾಸಿಯನ್ನು ಬಂಧಮುಕ್ತಗೊಳಿಸಿದ ಪತ್ರವದು. ಆಶು ಯಹೂದಿ ಧರ್ಮವನ್ನು ಸ್ವೀಕರಿಸಿ ಬೆರಾಖಾ ಎಂಬ ಹೆಸರು ಪಡೆದರು. ಬರಕತ್ ಎಂಬ ನಮ್ಮ ಮಾತಿನ ಒಡಹುಟ್ಟು ಆ ಪದ. ಮುಂದೆ ಅವರ ಮಕ್ಕಳ ತಾಯಿಯಾದರು. ಈ ಕಥೆಗೆ ಬಣ್ಣ ಬಳಿಯುವ ಇಚ್ಛೆ ನಮಗಿಲ್ಲ. ದಾಸ್ಯವು ಅಂದು ಯಹೂದಿಗಳಲ್ಲಿಯೂ ಮುಸ್ಲಿಮರಲ್ಲಿಯೂ ಈ ನಾಡಿನ ರಾಜ್ಯಗಳಲ್ಲಿಯೂ ಇತ್ತು. ಬೆನ್ ಯಿಜುವಿನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನಡೆಸುತ್ತಿದ್ದ ಬೊಮ್ಮನೂ ದಾಸನೇ. ಲೇಖಕ ಅಮಿತಾವ್ ಘೋಷ್ ತಮ್ಮ 1992ರ ಪುಸ್ತಕಕ್ಕಾಗಿ ಮಂಗಳೂರಿಗೆ ಬಂದಾಗ, ಪತ್ರಗಳಲ್ಲಿದ್ದ ಆ ಹೆಸರನ್ನು ಬೊಮ್ಮ ಎಂದು ಓದಬಹುದೆಂದು ಸೂಚಿಸಿದವರು ನಮ್ಮ ಬಿ. ಎ. ವಿವೇಕ ರೈಗಳು. ಏಡನ್‌ನ ವರ್ತಕರು ಬೊಮ್ಮನಿಗೂ ಸಲಾಮು ಬರೆಯುತ್ತಿದ್ದರು. ಆದರೂ ದಾಸ್ಯ ದಾಸ್ಯವೇ. ಆ ಕಾಲದಲ್ಲಿದ್ದೂ ಕಾನೂನಿನ ಭಾಷೆಯಲ್ಲಿ, ತೇದಿ ನಮೂದಿಸಿ, ಒಬ್ಬಳು ಹೆಣ್ಣಿನ ಬಿಡುಗಡೆಯನ್ನು ಬರೆದಿಡಬೇಕೆಂದು ತಿಳಿದ ಮನಸ್ಸನ್ನಷ್ಟೇ ನಾವು ಗಮನಿಸುತ್ತಿದ್ದೇವೆ.

ದೇಶ ಕಳೆದುಕೊಂಡವರು ಏನನ್ನು ಹಿಡಿದು ಉಳಿಯುತ್ತಾರೆ? ಸಾಮಾನ್ಯ ಶಕ 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಯಹೂದಿಗಳಿಗೆ ರಾಜನಿಲ್ಲ, ಸೇನೆಯಿಲ್ಲ, ಬಲಿಪೀಠವಿಲ್ಲ. ಉಳಿದದ್ದು ಗ್ರಂಥ, ಧಾರ್ಮಿಕ ಕಾನೂನು ಮತ್ತು ಪರಸ್ಪರ ಹೊಣೆ. ಆ ಹೊಣೆಯ ಲೆಕ್ಕಪುಸ್ತಕವೇ ಗೆನಿಝಾದಲ್ಲಿದೆ. ಫುಸ್ತಾತ್‌ನ ಸಮುದಾಯವು ಬಡವರಿಗೆ ವಾರಕ್ಕೆ ಎರಡು ಬಾರಿ ರೊಟ್ಟಿ ಹಂಚುತ್ತಿತ್ತು. ಪಡೆದವರ ಪಟ್ಟಿಗಳು ಇಂದಿಗೂ ಇವೆ. ಕಡಲ್ಗಳ್ಳರು ಹಿಡಿದು ತಂದ ಅಪರಿಚಿತ ಯಹೂದಿಗಳನ್ನು ಬಿಡಿಸಲು ಚಂದಾ ಎತ್ತುತ್ತಿದ್ದರು. ಒಬ್ಬ ಸೆರೆಯಾಳಿನ ವಾಡಿಕೆಯ ಬೆಲೆ ಮೂವತ್ತಮೂರೂ ಚಿಲ್ಲರೆ ದೀನಾರು, ಅಂದರೆ ಮೂವರಿಗೆ ನೂರು. ಎರಡು ದೀನಾರಿನಲ್ಲಿ ಸಾಧಾರಣ ಕುಟುಂಬವೊಂದು ತಿಂಗಳು ಕಳೆಯಬಹುದಾಗಿದ್ದ ಕಾಲವದು. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಬಂಧಿತರ ಬಿಡುಗಡೆಯೂ ಸೇರಿದೆ ಎಂದು ಓದಿದ ನಮಗೆ ಈ ಪಟ್ಟಿಗಳು ಪರಕೀಯವಲ್ಲ.

ಆದರೆ ಅದೇ ಗೆನಿಝಾದಲ್ಲಿ ಜಿಝ್ಯಾ ಕಟ್ಟಲಾಗದೆ ಪರದಾಡಿದ ಬಡವರ ಮೊರೆಗಳೂ ಇವೆ. ಮುಸ್ಲಿಮ್ ಆಳ್ವಿಕೆಯಲ್ಲಿ ಯಹೂದಿಗಳು ಸುಖವಾಗಿದ್ದರು ಎಂದಷ್ಟೇ ಹೇಳಿ ಮುಗಿಸುವ ನಮ್ಮ ಭಾಷಣಕಾರರು ಅವನ್ನೂ ಓದಬೇಕು. 1148ರಲ್ಲಿ ಮುವಹ್ಹಿದೂನ್‌ಗಳು ಕೊರ್ಡೋಬಾವನ್ನು ವಶಪಡಿಸಿಕೊಂಡಾಗ ಅಲ್ಲಿನ ಯಹೂದಿ ಕುಟುಂಬವೊಂದು ಊರು ಬಿಡಬೇಕಾಯಿತು. ಆ ಮನೆಯ ಬಾಲಕ ಮೂಸಾ ಇಬ್ನು ಮೈಮೂನ್. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದು ಕುರ್‌ಆನ್ ಸ್ಪಷ್ಟವಾಗಿ ಸಾರಿರುವಾಗ ಅದರ ಹೆಸರಿನಲ್ಲಿಯೇ ನಡೆದ ಬಲಾತ್ಕಾರವದು. ಫೆಝ್, ಫೆಲೆಸ್ತೀನ್‌ಗಳನ್ನು ಹಾದು ಆತ ನೆಲೆ ಕಂಡದ್ದೂ ಮುಸ್ಲಿಮ್ ನಾಡಿನಲ್ಲಿಯೇ, ಫುಸ್ತಾತ್‌ನಲ್ಲಿ. ಸುಲ್ತಾನ್ ಸಲಾಹುದ್ದೀನರ ಆಪ್ತ ಅಲ್-ಖಾದಿ ಅಲ್-ಫಾದಿಲ್ ಅವರ ಆಶ್ರಯದಲ್ಲಿ ವೈದ್ಯರಾದರು. ಅಣ್ಣನ ಓದಿಗೆ ಆಸರೆಯಾಗಿ ವ್ಯಾಪಾರ ನಡೆಸುತ್ತಿದ್ದ ತಮ್ಮ ದಾವೂದ್ ನಮ್ಮ ಈ ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಆ ದುಃಖದಲ್ಲಿ ಇಬ್ನು ಮೈಮೂನ್ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ದಾನವನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿ, ಬಡವನಿಗೆ ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು ಅವನು ಮತ್ತೆ ಕೈಚಾಚದಂತೆ ಮಾಡುವುದೇ ಎಲ್ಲಕ್ಕಿಂತ ಮೇಲಿನದು ಎಂದು ಬರೆದವರು ಇವರೇ.

ಅದೇ 1148ರಲ್ಲಿ ಬೆನ್ ಯಿಜುವಿನ ತವರು ಮಹ್ದಿಯಾ ಸಿಸಿಲಿಯ ಕ್ರೈಸ್ತ ದೊರೆಯ ಕೈಸೇರಿ, ಅವರ ಒಡಹುಟ್ಟಿದವರು ಸಿಸಿಲಿ ಸೇರಿದರು. ಮರುವರ್ಷ ಮಕ್ಕಳೊಂದಿಗೆ ಏಡನ್ ತಲುಪಿದ ಬೆನ್ ಯಿಜು ಸೋದರರಿಗೆ ಪತ್ರ ಬರೆದರು: ನಮ್ಮೆಲ್ಲರ ಬಾಳಿಗೆ ಸಾಲುವಷ್ಟು ಗಳಿಸಿದ್ದೇನೆ, ಬನ್ನಿ ಎಂಬುದು ಅದರ ಸಾರ. ಒಬ್ಬ ಸೋದರ ಬಂದು ಹಣ ಕಬಳಿಸಿ ಹೋದ. ಆದರೂ ಇನ್ನೊಬ್ಬ ಸೋದರನ ಮಗನಿಗೇ, 1156ರಲ್ಲಿ, ಫುಸ್ತಾತ್‌ನಲ್ಲಿ, ಮಂಗಳೂರಿನ ಆಶುವಿನ ಮಗಳು ಸಿತ್ತುದ್ದಾರ್‌ಳ ಮದುವೆಯಾಯಿತು.

ಆ ಲೋಕ ಈಗಿಲ್ಲ. 1948ರಲ್ಲಿ ಸುಮಾರು 7 ಲಕ್ಷ ಫೆಲೆಸ್ತೀನಿಯರು ತಮ್ಮ ಮನೆಗಳಿಂದ ಹೊರದೂಡಲ್ಪಟ್ಟರು. ಶತಮಾನಗಳ ಗಡಿಪಾರು ಕಂಡ ಜನರ ಹೆಸರಿನಲ್ಲಿ ಇನ್ನೊಂದು ಜನರ ಗಡಿಪಾರು ನಡೆಯಿತು. ಅದರ ಬೆನ್ನಿಗೇ ಯಮನ್‌ನ ಯಹೂದಿಗಳಲ್ಲಿ ಬಹುಪಾಲು ಮಂದಿ ಇಸ್ರೇಲಿಗೆ ಹೋದರು. ಈಜಿಪ್ಟ್‌ನ ಯಹೂದಿಗಳೂ ಮುಂದಿನ ವರ್ಷಗಳಲ್ಲಿ ಚದುರಿಹೋದರು. ಇಂದು ಬೆನ್ ಎಝ್ರಾ ಪ್ರವಾಸಿಗರು ನೋಡುವ ಕಟ್ಟಡ. ಅನ್ಯಾಯವನ್ನು ಅನ್ಯಾಯವೆನ್ನಲು ನಾವು ಹಿಂಜರಿಯುವುದಿಲ್ಲ. ಆದರೆ 2023ರ ಅಕ್ಟೋಬರ್ 27ರಂದು, ಅದೂ ತಮ್ಮ ಸಬ್ಬತ್ ಆರಂಭವಾಗುವ ಶುಕ್ರವಾರ ಸಂಜೆ, ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕುಳಿತು, ಗಾಝಾದಲ್ಲಿ ಕದನವಿರಾಮವಾಗಲಿ, ಈ ಕೊಲೆ ನಮ್ಮ ಹೆಸರಿನಲ್ಲಿ ಬೇಡ ಎಂದು ಕೂಗಿ ನೂರಾರು ಸಂಖ್ಯೆಯಲ್ಲಿ ಬಂಧನಕ್ಕೊಳಗಾದವರೂ ಯಹೂದಿಗಳೇ. ತಾವು ಯಹೂದಿಗಳಾದ ಕಾರಣಕ್ಕೇ ಸುಮ್ಮನಿರಲಾರೆವು ಎಂಬುದು ಅವರ ವಾದವಾಗಿತ್ತು. ನಮ್ಮ ಮಕ್ಕಳ ಮೊಬೈಲಿಗೆ ಆ ಚಿತ್ರ ಏಕೆ ಬರಲಿಲ್ಲವೋ!

ಮುಂದಿನ ವಾರ ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆವು. ಕಾರ್ಖಾನೆ, ಕಡಲ್ಗಳ್ಳರು, ರೊಟ್ಟಿಯ ಪಟ್ಟಿ ಎಲ್ಲವನ್ನೂ ಗಮನವಿಟ್ಟು ಕೇಳಿದ. ಒಳ್ಳೆಯವರು ಇದ್ದರೇ ಎಂದು ಮತ್ತೆ ಕೇಳಲಿಲ್ಲ. "ಅವರೆಲ್ಲ ಹೋದ ಮೇಲೆ ಆಶು ಏನಾದರು, ಉಸ್ತಾದರೇ?" ಎಂದ. ಪ್ರಯಾಣದ ಪತ್ರಗಳಲ್ಲಿ ಅವರ ಹೆಸರಿಲ್ಲ ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ಬಿಡುಗಡೆಯ ತಾರೀಕನ್ನು ಇನ್ನೊಮ್ಮೆ ಹೇಳುವಂತೆ ಕೇಳಿ ಪುಸ್ತಕದಲ್ಲಿ ಬರೆದುಕೊಂಡ.