ಮಲ್ಪೆ: ಮೀನುಗಾರರ ಊರು, ಕಲ್ಲುಕಂಬಗಳ ದ್ವೀಪ

ಉಡುಪಿಯಿಂದ ಸುಮಾರು 6 ಕಿ.ಮೀ. ಪಶ್ಚಿಮಕ್ಕೆ, ಉದ್ಯಾವರ ಹೊಳೆ ಅರಬ್ಬಿ ಸಮುದ್ರ ಸೇರುವ ಅಳಿವೆಯಲ್ಲಿ ಮಲ್ಪೆ ಇದೆ. ಕರ್ನಾಟಕದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಇದೂ ಒಂದು. ಬಯಲುಸೀಮೆಯ ಊರುಗಳಿಂದ ಉಡುಪಿ ಕೃಷ್ಣನ ದರ್ಶನಕ್ಕೆ ಬಂದವರು ಸಾಮಾನ್ಯವಾಗಿ ಇಲ್ಲಿಗೂ ಬಂದು, ದ್ವೀಪದ ದೋಣಿ ಹತ್ತಿ, ಮರಳಿಬಿಡುತ್ತಾರೆ. ಊರನ್ನು ನೋಡುವವರು ಕಡಿಮೆ. ನೋಡಬೇಕಾದದ್ದು ಇರುವುದು ಊರಿನಲ್ಲೇ.

ಮಲ್ಪೆ ಮೊಗವೀರರ ನೆಲೆ. ಬಲರಾಮನ ಗುಡಿಯಿರುವ ವಡಭಾಂಡೇಶ್ವರ ಇಲ್ಲಿಯದೇ. 13ನೇ ಶತಮಾನದಲ್ಲಿ ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಪಾರುಮಾಡಿದರು, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯಲ್ಲಿ ದೊರೆತ ಕೃಷ್ಣನನ್ನು ಉಡುಪಿಯಲ್ಲಿ ಪ್ರತಿಷ್ಠಾಪಿಸಿದರು ಎಂಬ ಐತಿಹ್ಯ ಈ ಕಡಲತೀರದ್ದು.

ಇಲ್ಲಿನ ಹಳೆಯ ಮೀನುಗಾರಿಕೆಯ ಹೆಸರು ರಂಪಣಿ. ದೋಣಿಯಲ್ಲಿ ಹೋಗಿ ಉದ್ದನೆಯ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದರೆ, ದಡದಲ್ಲಿ ನಿಂತ ಹತ್ತಾರು ಮಂದಿ ಎರಡೂ ತುದಿ ಹಿಡಿದು ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ರಾಶಿ ಬೀಳುತ್ತಿತ್ತು. ಬಂದದ್ದರಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ಆಳದಲ್ಲಿ ಸುತ್ತುವರಿದವು. ರಂಪಣಿ ಕುಸಿಯಿತು. ಅದರೊಂದಿಗೆ ಹೋದದ್ದು ಬಲೆ ಮಾತ್ರವಲ್ಲ, ಊರೇ ಸೇರಿ ದುಡಿದು ಹಂಚಿಕೊಳ್ಳುವ ಕ್ರಮ ಕೂಡ. ಅದು ದೊಡ್ಡ ನಷ್ಟ. ಚಿಕ್ಕದಾದ ಕೈರಂಪಣಿ ಉಳಿದಿದೆ.

ತೀರದಾಚೆ ಕಡಲಲ್ಲಿರುವ ಸೇಂಟ್ ಮೇರೀಸ್ ದ್ವೀಪಗಳಿಗೆ ತೋನ್ಸೆಪಾರ್ ಎಂಬ ಹೆಸರೂ ಉಂಟು. 1498ರಲ್ಲಿ ಭಾರತಕ್ಕೆ ಬಂದ ವಾಸ್ಕೊ ಡ ಗಾಮಾ ಇಲ್ಲಿ ಇಳಿದು ಮಾತೆ ಮೇರಿಯ ಹೆಸರಿಟ್ಟನೆಂಬುದು ಪ್ರತೀತಿ. ದ್ವೀಪದ ಚರಿತ್ರೆ ಅವನಿಗಿಂತ ಬಹಳ ಹಳೆಯದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿ, ಬಿರಿದು, ಹಲವು ಮುಖಗಳ ಕಂಬಗಳಾಯಿತು. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯ ಕಂಬಗಳು ರೂಪುಗೊಂಡದ್ದೂ ಹೀಗೆಯೇ. ಸೇಂಟ್ ಮೇರೀಸ್ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಂಡೆಗಳ ಅಂಚಿನಲ್ಲಿ ಅಲೆಯ ಸೆಳೆತ ಜೋರು, ನೀರಿಗೆ ಇಳಿಯಬಾರದು.

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಯಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೂ ನಿಷೇಧ. ನೂಲ ಹುಣ್ಣಿಮೆಯಂದು ಮೀನುಗಾರರು ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ನಡೆಸುತ್ತಾರೆ. ಋತು ಆರಂಭವಾದ ಮೇಲೆ ಬೆಳಗಿನ ಹೊತ್ತು ಧಕ್ಕೆಗೆ ಹೋದರೆ ಬೋಟಿನಿಂದ ಇಳಿಯುವ ಮೀನು, ಏಲಂ ಕೂಗು, ಬುಟ್ಟಿ ತುಂಬಿಕೊಂಡು ಮಾರಲು ಹೊರಡುವ ಹೆಂಗಸರು, ಎಲ್ಲವನ್ನೂ ಒಟ್ಟಿಗೆ ನೋಡಬಹುದು.